ಪಾಲಿಸಿ ಬದಲಿಸಿದ್ದಾಯಿತು, ಕಂಪ್ಯೂಟರ್ ಕೇಳುತ್ತಿಲ್ಲ: ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಬಗೆ

2024ರ ಜುಲೈ. ಮಳೆ ಹಿಡಿದು ವಾರವಾಗಿತ್ತು. ನಾನು ಕಂಪ್ಯೂಟರ್ ನೋಡಿಕೊಳ್ಳುವ ಅಡಿಕೆ ಬೆಳೆಗಾರರ ಸಂಘಕ್ಕೆ ಶಿವಮೊಗ್ಗದಲ್ಲಿ ಮುಖ್ಯ ಕಚೇರಿ. ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಶಾಖೆಗಳು, ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ ಒಂದು ಗೋದಾಮು. ಒಂದು ಶಾಖೆಗೆ ಯಾರದೋ ಮದುವೆ ಫೋಟೋ ತುಂಬಿದ ಪೆನ್‌ಡ್ರೈವ್ ಬಂದು ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ವೈರಸ್ ಹೊಕ್ಕು ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಕಾರ್ಯದರ್ಶಿಗಳು ಕರೆದು, "ಸಂಜೆಯೊಳಗೆ ಎಲ್ಲ ಕಡೆ ಪೆನ್‌ಡ್ರೈವ್ ಬಂದ್ ಆಗ್ಬೇಕು ನೋಡಿ" ಅಂದರು.

ಎಲ್ಲ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಆಂಟಿವೈರಸ್ ಕನ್ಸೋಲ್ ತೆರೆದು, ಪಾಲಿಸಿ (ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬ ಕಟ್ಟಳೆ) ಬದಲಿಸಿ ಸೇವ್ ಒತ್ತಿದ್ದು ಎರಡು ನಿಮಿಷದ ಕೆಲಸ. ಸಂಜೆ ಆರಕ್ಕೆ 41 ಕಂಪ್ಯೂಟರ್ ಹಸಿರು, ಅಂದರೆ ಹೊಸ ಪಾಲಿಸಿ ತಲುಪಿದವು; ನಾಲ್ಕು ಹಳದಿ, ಇನ್ನೂ ತಲುಪದವು. ನಾಲ್ಕು ತಾನೇ, ನಾಳೆ ನೋಡೋಣ ಅಂತ ಮನೆಗೆ ಹೋದೆ. ನಮ್ಮ ರಿಜಿಸ್ಟರ್ ಪುಸ್ತಕದಲ್ಲಿ ಇರುವುದು 46 ಕಂಪ್ಯೂಟರ್. 41ಕ್ಕೆ 4 ಸೇರಿಸಿದರೆ 45 ಆಗುತ್ತದೆ, ಇನ್ನೊಂದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಆ ಸಂಜೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ನಾಲ್ಕರ ಜೊತೆ, ಕಾಣದ ಒಂದರ ಜೊತೆ, ಸುಳ್ಳು ಹೇಳುತ್ತಿದ್ದ ಒಂದು ಹಸಿರಿನ ಜೊತೆ ಹತ್ತು ದಿನ ಏಗಿದೆ. ನಿಮ್ಮ ಕಚೇರಿಯಲ್ಲಿ ಇಂಥದ್ದೇ ಆದಾಗ ಎರಡು ದಿನದಲ್ಲಿ ಮುಗಿಯಲಿ ಅಂತ ಅಲೆದ ದಾರಿಯನ್ನು ಬರೆದಿಡುತ್ತಿದ್ದೇನೆ.

ಒಂದು ಸಣ್ಣ ಮಾತು. ಶಾಖೆಗೆ ಫೋನ್ ಮಾಡಿ "ಪಾಲಿಸಿ ಬಂತಾ ಮೇಡಂ?" ಅಂತ ಕೇಳಬೇಡಿ. "ಯಾವುದು ಸಾರ್, ಎಲ್‌ಐಸಿದಾ?" ಅಂತ ಕೇಳುತ್ತಾರೆ. ಅವರ ತಪ್ಪಲ್ಲ. "ಆಂಟಿವೈರಸ್‌ನ ಹೊಸ ಕಟ್ಟಳೆ" ಅಂದರೆ ತಕ್ಷಣ ಅರ್ಥವಾಗುತ್ತದೆ.

ಸರ್ವರ್ ಕಳಿಸುವುದಿಲ್ಲ, ಕಂಪ್ಯೂಟರ್ ಬಂದು ಕೇಳುತ್ತದೆ

ಸೇವ್ ಒತ್ತಿದ ಕೂಡಲೇ ಹೊಸ ಪಾಲಿಸಿ ಎಲ್ಲ ಕಂಪ್ಯೂಟರ್‌ಗಳ ಕಡೆ ಓಡುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಬಹುತೇಕ ವ್ಯವಸ್ಥೆಗಳಲ್ಲಿ ಆಗುವುದು ಇದರ ಉಲ್ಟಾ. ಪ್ರತಿ ಕಂಪ್ಯೂಟರ್‌ನಲ್ಲಿ ಏಜೆಂಟ್ ಎಂಬ ಒಂದು ಸಣ್ಣ ತಂತ್ರಾಂಶ ಕೂತಿರುತ್ತದೆ, ಅದು ಇಷ್ಟು ಹೊತ್ತಿಗೊಮ್ಮೆ ಸರ್ವರ್ ಬಾಗಿಲಿಗೆ ಬಂದು "ಹೊಸತು ಏನಾದರೂ ಇದೆಯಾ?" ಎಂದು ಕೇಳುತ್ತದೆ. ಇದ್ದರೆ ಒಯ್ಯುತ್ತದೆ, ಇಲ್ಲದಿದ್ದರೆ ತನ್ನ ಸ್ಥಿತಿಗತಿ ಒಪ್ಪಿಸಿ ಹೋಗುತ್ತದೆ.

ಅಡಿಕೆ ತೋಟದವರಿಗೆ ಹೀಗೆ ಹೇಳಿದರೆ ಸುಲಭ. ಬ್ಯಾರಲ್‌ನಲ್ಲಿ ಬೋರ್ಡೋ ದ್ರಾವಣ ಕಲಸಿಟ್ಟ ಮಾತ್ರಕ್ಕೆ ಕೊಳೆ ರೋಗ ನಿಲ್ಲುವುದಿಲ್ಲ. ಕೊನೆಗೌಡ ಬರಬೇಕು, ಮರ ಹತ್ತಬೇಕು, ಔಷಧಿ ಗೊನೆಗೆ ತಾಗಬೇಕು, ಒಣಗುವ ತನಕ ಮಳೆ ಬಿಡುವು ಕೊಡಬೇಕು. ಪಾಲಿಸಿಗೂ ನಾಲ್ಕು ಹಂತ: ಬರೆದದ್ದು, ಆ ಕಂಪ್ಯೂಟರ್‌ಗೆ ಎಂದು ಗೊತ್ತು ಮಾಡಿದ್ದು, ಏಜೆಂಟ್ ಬಂದು ಒಯ್ದದ್ದು, ಒಯ್ದದ್ದನ್ನು ಜಾರಿ ಮಾಡಿದ್ದು. ದೋಷ ಹುಡುಕುವುದು ಎಂದರೆ ಈ ನಾಲ್ಕರಲ್ಲಿ ಎಲ್ಲಿ ನಿಂತಿದೆ ಎಂದು ಪತ್ತೆ ಮಾಡುವುದು, ಅಷ್ಟೇ. ಅದು ಗೊತ್ತಾಗುವ ಮೊದಲೇ ಏಜೆಂಟ್ ಕಿತ್ತು ಮತ್ತೆ ಹಾಕುವುದು ನಮ್ಮ ಕಸುಬಿನ ಹಳೇ ಚಟ. ಹತ್ತರಲ್ಲಿ ಒಂದೆರಡು ಸಲ ಸರಿಹೋಗುತ್ತದೆ; ಯಾಕೆ ಸರಿಹೋಯಿತು ಎಂದು ಮಾತ್ರ ಯಾವತ್ತೂ ಗೊತ್ತಾಗುವುದಿಲ್ಲ.

ಕಾಯಬೇಕಾದಷ್ಟು ಕಾದಿದ್ದೀರಾ?

ಪಾಲಿಸಿ ಬದಲಿಸಿ ಹತ್ತು ನಿಮಿಷಕ್ಕೆ "ಬಂದಿಲ್ಲ" ಎಂದು ಗಾಬರಿ ಬೀಳುವವರಿದ್ದಾರೆ, ನಾನೂ ಅವರಲ್ಲೊಬ್ಬ. ಮೊದಲು ನಿಮ್ಮ ತಂತ್ರಾಂಶದ ಮಾಮೂಲಿ ಅವಧಿ ಎಷ್ಟು ಎಂದು ತಿಳಿದುಕೊಳ್ಳಿ. ಮೊದಲು ಮ್ಯಾಕಫಿ ಎಂದಿದ್ದ, ಈಗ ಟ್ರೆಲಿಕ್ಸ್ ಆಗಿರುವ ಇ-ಪಿಒ ಸರ್ವರ್‌ನಲ್ಲಿ ಏಜೆಂಟ್ 60 ನಿಮಿಷಕ್ಕೊಮ್ಮೆ ಬರುತ್ತದೆ. ಕ್ಯಾಸ್ಪರ್‌ಸ್ಕಿಯ ನೆಟ್‌ವರ್ಕ್ ಏಜೆಂಟ್‌ಗೆ 15 ನಿಮಿಷ. ಕಚೇರಿಯ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ಆಳುವ ವಿಂಡೋಸ್ ಡೊಮೇನ್‌ನ ಗ್ರೂಪ್ ಪಾಲಿಸಿ 90 ನಿಮಿಷಕ್ಕೊಮ್ಮೆ, ಅದರ ಮೇಲೆ 0ಯಿಂದ 30 ನಿಮಿಷ ಹೆಚ್ಚುವರಿ. ಎಲ್ಲ ಕಂಪ್ಯೂಟರ್ ಒಟ್ಟಿಗೆ ಬಂದು ಬಾಗಿಲು ಬಡಿಯಬಾರದು ಅಂತ ಬೇಕೆಂದೇ ಸೇರಿಸಿದ ಏರುಪೇರು ಅದು. ಇಂಟರ್ನೆಟ್ ಮೂಲಕ ಕಂಪ್ಯೂಟರ್ ನಿರ್ವಹಿಸುವ ಮೈಕ್ರೋಸಾಫ್ಟ್ ಇಂಟ್ಯೂನ್‌ನಲ್ಲಿ ಮಾಮೂಲಿ ಸುತ್ತು ಸುಮಾರು 8 ಗಂಟೆ. ಪಾಲಿಸಿ ಬದಲಾದಾಗ ಅದು ಕಂಪ್ಯೂಟರ್‌ಗೆ ಕೂಡಲೇ ಒಂದು ಸೂಚನೆಯನ್ನೂ ಕಳಿಸುತ್ತದೆ, ಉತ್ತರ ಬಾರದಿದ್ದರೆ ಇನ್ನೂ ಮೂರು ಸಲ ಪ್ರಯತ್ನಿಸುತ್ತದೆ. ಆಗಲೂ ಸಿಗದಿದ್ದರೆ ಮುಂದಿನ ಸುತ್ತಿನ ತನಕ ಕಾಯುವುದೇ. ಇವೆಲ್ಲ ಮೊದಲಿಗೆ ಇರುವ ಅಂಕಿಗಳು. ನಿಮಗಿಂತ ಮೊದಲಿದ್ದವರು ಬದಲಿಸಿರಬಹುದು, ಆದ್ದರಿಂದ ನಿಮ್ಮ ಕನ್ಸೋಲ್‌ನಲ್ಲೇ ಕಣ್ಣಾರೆ ನೋಡಿ.

ಕಾಯಲು ಪುರುಸೊತ್ತಿಲ್ಲದಾಗ ಏಜೆಂಟನ್ನು ಕಂಪ್ಯೂಟರ್ ಕಡೆಯಿಂದಲೇ ಎಬ್ಬಿಸಬಹುದು. ಗ್ರೂಪ್ ಪಾಲಿಸಿಗೆ ಕಮಾಂಡ್ ಕಿಟಕಿಯಲ್ಲಿ ಜಿಪಿಅಪ್‌ಡೇಟ್ ಜೊತೆ ಫೋರ್ಸ್ ಸ್ವಿಚ್. ಟ್ರೆಲಿಕ್ಸ್‌ನಲ್ಲಿ ಏಜೆಂಟ್ ಸ್ಟೇಟಸ್ ಮಾನಿಟರ್ ತೆರೆದರೆ ಹೊಸ ಪಾಲಿಸಿ ಇದೆಯೇ ಎಂದು ಕೇಳಲು ಒಂದು ಗುಂಡಿ, ಜಾರಿ ಮಾಡಲು ಇನ್ನೊಂದು. ಒಯ್ಯುವುದೂ ಜಾರಿ ಮಾಡುವುದೂ ಬೇರೆ ಬೇರೆ ಎಂಬುದಕ್ಕೆ ಆ ಎರಡು ಗುಂಡಿಗಳೇ ಸಾಕ್ಷಿ. ಸಿಮ್ಯಾಂಟೆಕ್‌ನಲ್ಲಿ ಟ್ರೇ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿದರೆ ಅಪ್‌ಡೇಟ್ ಪಾಲಿಸಿ. ಇಂಟ್ಯೂನ್‌ಗೆ ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಒಳಗೆ ಕಚೇರಿ ಖಾತೆಯ ಇನ್ಫೋ, ಅದರೊಳಗೆ ಸಿಂಕ್.

ಭದ್ರಾವತಿಯ ಹಳದಿಗೆ ಇಷ್ಟೂ ಬೇಕಾಗಲಿಲ್ಲ. ಲೆಕ್ಕಪತ್ರದವರು ರಜೆಯಲ್ಲಿದ್ದರು, ಕಂಪ್ಯೂಟರ್ ಆಫ್. ಆಫ್ ಇರುವ ಕಂಪ್ಯೂಟರ್ ಪಾಲಿಸಿ ಪಡೆಯುವುದಿಲ್ಲ.

ಕನ್ಸೋಲ್‌ನಲ್ಲಿ ಬಣ್ಣ ನೋಡಬೇಡಿ, ಕಾಲಮ್ ನೋಡಿ

ಹಸಿರು, ಹಳದಿ, ಕೆಂಪು ಎಲ್ಲ ಕಾರ್ಯದರ್ಶಿಗಳಿಗೆ ತೋರಿಸಲು ಚೆನ್ನ. ನೀವು ನೋಡಬೇಕಾದ್ದು ಪಟ್ಟಿಯ ಮೂರು ಕಾಲಮ್‌ಗಳನ್ನು. ಏಜೆಂಟ್ ಕೊನೆಯ ಸಲ ಬಂದದ್ದು ಯಾವಾಗ? ಈಗ ಆ ಕಂಪ್ಯೂಟರ್ ಯಾವ ಗುಂಪಿನಲ್ಲಿದೆ? ಅದರ ಕೈಯಲ್ಲಿರುವುದು ಯಾವ ಪಾಲಿಸಿ, ಎಷ್ಟನೇ ಆವೃತ್ತಿ?

ಕೊನೆಯ ಭೇಟಿ ನೀವು ಪಾಲಿಸಿ ಬದಲಿಸುವುದಕ್ಕಿಂತ ಮೊದಲಿನದಾದರೆ ಏಜೆಂಟ್ ಬಂದೇ ಇಲ್ಲ, ಸಂಪರ್ಕ ಹುಡುಕಿ. ಆಮೇಲಿನದಾಗಿ ಹಳೇ ಪಾಲಿಸಿಯೇ ಇದ್ದರೆ ನೀವು ಕೊಟ್ಟದ್ದು ಅದಕ್ಕೆ ಸೇರಿಲ್ಲ, ಗುಂಪು ಹುಡುಕಿ. ಹೊಸ ಪಾಲಿಸಿ ಇದ್ದೂ ಪೆನ್‌ಡ್ರೈವ್ ತೆರೆಯುತ್ತಿದ್ದರೆ ಜಾರಿಯಲ್ಲಿ ತೊಡಕು. ಆ ಕಂಪ್ಯೂಟರ್ ಮುಂದೆ ಹೋಗಿ ಕೂರಿ. ಸಿಮ್ಯಾಂಟೆಕ್‌ನಲ್ಲಿ ಪಾಲಿಸಿಗೆ ಸೀರಿಯಲ್ ನಂಬರ್ ಇರುತ್ತದೆ, ಕನ್ಸೋಲ್‌ನಲ್ಲೂ ಕಂಪ್ಯೂಟರ್‌ನಲ್ಲೂ ಕಾಣುತ್ತದೆ. ಎರಡನ್ನೂ ಫೋನಿನಲ್ಲಿ ಓದಿಸಿ ತಾಳೆ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಗುಂಪಿನ ವಿಷಯದಲ್ಲಿ ಹೆಚ್ಚು ಎಡವುವುದು ವಾರಸುದಾರಿಕೆಯಲ್ಲಿ. ಮೇಲಿನ ಗುಂಪಿನಲ್ಲಿ ಬದಲಿಸಿದ್ದು ಕೆಳಗಿನ ಗುಂಪುಗಳಿಗೆ ತಾನಾಗಿ ಇಳಿಯಬೇಕು. ಹಿಂದೊಮ್ಮೆ ಯಾರೋ "ಈ ಶಾಖೆಗೆ ಮಾತ್ರ ಬೇರೆ" ಎಂದು ಆ ಕೊಂಡಿ ಕತ್ತರಿಸಿದ್ದರೆ ಇಳಿಯುವುದಿಲ್ಲ. ಆ ಯಾರೋ ಎಷ್ಟೋ ಸಲ ನಾವೇ ಆಗಿರುತ್ತೇವೆ.

ಸಾಗರದ ಹಳದಿ ಇದರದೇ ಇನ್ನೊಂದು ರೂಪ. ಅದು ಸಾಲ ವಸೂಲಿಗೆ ಹಳ್ಳಿ ತಿರುಗುವವರ ಲ್ಯಾಪ್‌ಟಾಪ್. ಕೊನೆಯ ಭೇಟಿ ಇಪ್ಪತ್ತು ನಿಮಿಷದ ಹಿಂದೆ, ಪಾಲಿಸಿ ಮಾತ್ರ ಹಳೇದು. ನಮ್ಮ ತಂತ್ರಾಂಶದಲ್ಲಿ ಕಂಪ್ಯೂಟರ್ ಕಚೇರಿಯ ಜಾಲದಲ್ಲಿದ್ದಾಗ ಒಂದು ಕಟ್ಟಳೆ, ಹೊರಗಿದ್ದಾಗ ಇನ್ನೊಂದು ಎಂದು ಎರಡು ಜಾಗ ಮಾಡಬಹುದು. ಮೂರು ವರ್ಷದ ಹಿಂದೆ ನಾನೇ ಮಾಡಿದ್ದೆ. ಅವತ್ತು ಬದಲಿಸಿದ್ದು "ಕಚೇರಿ" ಜಾಗದ ಪಾಲಿಸಿ ಒಂದನ್ನೇ. ಅವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರು, ಅಂದರೆ "ಹೊರಗೆ". ಲ್ಯಾಪ್‌ಟಾಪ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು, ನಾನೇ ಪೂರ್ತಿ ಹೇಳಿರಲಿಲ್ಲ.

ಹೊಸನಗರದ ಅವಳಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಗೊತ್ತಿಲ್ಲದವರಿಗೆ ಇದು ಭೂತ ಚೇಷ್ಟೆಯ ಹಾಗೆ ಕಾಣುತ್ತದೆ. ಹೊಸನಗರದ ಶಾಖೆಯಲ್ಲಿ ಒಂದು ಕಂಪ್ಯೂಟರ್ ಬೆಳಿಗ್ಗೆ ಹಸಿರು, ಮಧ್ಯಾಹ್ನ ಹಳದಿ, ಮತ್ತೆ ಹಸಿರು. ಪಟ್ಟಿಯಲ್ಲಿ ಅದರ ಹೆಸರೂ ಬದಲಾಗುತ್ತಿತ್ತು: ಒಮ್ಮೆ ಕೌಂಟರ್ ಒಂದು, ಒಮ್ಮೆ ಕೌಂಟರ್ ಎರಡು. ಐಪಿ ವಿಳಾಸವೂ ಅದರ ಜೊತೆ ಅದಲು ಬದಲು.

ಶಾಖೆಯಲ್ಲಿ ಕೌಂಟರ್ ಎರಡಿದ್ದವು, ಕನ್ಸೋಲ್‌ನಲ್ಲಿ ಸಾಲು ಒಂದೇ. ರಿಜಿಸ್ಟರ್‌ನ 46 ಇಲ್ಲಿ 45 ಆಗಿದ್ದು ಹೀಗೆ. ಹಿಂದಿನ ವರ್ಷ ಒಂದರ ಹಾರ್ಡ್‌ಡಿಸ್ಕ್ ಕೆಟ್ಟಾಗ, ಪಕ್ಕದ ಕಂಪ್ಯೂಟರ್‌ನ ಡಿಸ್ಕನ್ನೇ ಪೂರ್ತಿ ನಕಲು ಮಾಡಿ ಹಾಕಿಕೊಟ್ಟಿದ್ದರು. ಹೆಸರು ಬದಲಿಸಿದ್ದರು, ಸರಿ. ಆದರೆ ಏಜೆಂಟ್ ಸರ್ವರ್‌ಗೆ ತನ್ನ ಗುರುತು ಹೇಳುವುದು ಕಂಪ್ಯೂಟರ್ ಹೆಸರಿನಿಂದಲ್ಲ. ಮೊದಲ ಸಲ ಹಾಕಿದಾಗ ಹುಟ್ಟುವ ಒಂದು ಉದ್ದನೆಯ ಸಂಖ್ಯೆಯಿಂದ, ಜಿಯುಐಡಿ ಅನ್ನುತ್ತಾರೆ. ನಕಲಿನಲ್ಲಿ ಅದೂ ನಕಲಾಗಿತ್ತು. ಒಂದೇ ರೇಷನ್ ಕಾರ್ಡ್ ಹಿಡಿದು ಇಬ್ಬರು ಸಾಲಿನಲ್ಲಿ ನಿಂತ ಹಾಗೆ. ಮೊದಲನೆಯದು ಬಂದು ಪಾಲಿಸಿ ಒಯ್ದರೆ ಸರ್ವರ್ "ಕೊಟ್ಟಾಯಿತು" ಎಂದು ಬರೆದುಕೊಳ್ಳುತ್ತದೆ; ಎರಡನೆಯದು ಬಂದು ತನ್ನ ಹಳೇ ಸ್ಥಿತಿ ಒಪ್ಪಿಸಿದರೆ ಸಾಲು ಮತ್ತೆ ಹಳದಿ.

ಗುರುತಿಸಲು ಸುಲಭದ ದಾರಿ ಲೆಕ್ಕ. ಬಾಗಿಲಲ್ಲಿ ನಿಂತು ಕಂಪ್ಯೂಟರ್ ಎಣಿಸಿ, ಕನ್ಸೋಲ್‌ನಲ್ಲಿ ಸಾಲು ಎಣಿಸಿ. ದೊಡ್ಡ ಕನ್ಸೋಲ್‌ಗಳಲ್ಲಿ ಅವಳಿ ಗುರುತು ಹುಡುಕಲು ಸಿದ್ಧ ವರದಿಯೇ ಇರುತ್ತದೆ. ಏಜೆಂಟ್ ತೆಗೆದು ಹೊಸದಾಗಿ ಹಾಕುವುದು ನ್ಯಾಯವಾದ ಮದ್ದು ಎನಿಸುವುದು ಇಂಥ ಕಡೆ: ನಕಲಾದ ಕಂಪ್ಯೂಟರ್‌ನಲ್ಲಿ ತೆಗೆದು, ಹಳೇ ಗುರುತು ಉಳಿದಿಲ್ಲವೆಂದು ನೋಡಿಕೊಂಡು, ಹೊಸ ಗುರುತಿನೊಂದಿಗೆ ಹಾಕಿ. ಮುಂದೆ ಡಿಸ್ಕ್ ನಕಲು ಮಾಡುವವರಿಗೆ, ಏಜೆಂಟ್ ಇಲ್ಲದ ಪ್ರತಿಯನ್ನು ನಕಲು ಮಾಡಿ ಎಂದು ಬರೆದು ಕೊಡಿ. ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ.

ಸುಳ್ಳು ಹಸಿರು

ತೀರ್ಥಹಳ್ಳಿಯ ಒಂದು ಕಂಪ್ಯೂಟರ್ ಮೊದಲ ದಿನದಿಂದಲೂ ಹಸಿರು, ಪಾಲಿಸಿಯೂ ಹೊಸತು. ಮೂರನೇ ದಿನ ಕ್ಯಾಷಿಯರ್ ಅಕ್ಕ ಫೋನ್ ಮಾಡಿ, "ಸಾರ್, ಪೆನ್‌ಡ್ರೈವ್ ಬಂದ್ ಅಂದ್ರಲ್ಲ, ನನ್ನದ್ರಲ್ಲಿ ತೆರೀತಾ ಇದೆ, ಇರ್ಲಾ?" ಅಂತ ಕೇಳಿದರು. ಅವರು ಕೇಳದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಪಾಲಿಸಿ ತಲುಪಿತ್ತು. ಯುಎಸ್‌ಬಿ ತಡೆಯುವ ಡ್ರೈವರ್ ಹೊಸತಾಗಿ ಕೂತಿತ್ತು, ಆದರೆ ಅದು ಕೆಲಸ ಶುರುಮಾಡಲು ಕಂಪ್ಯೂಟರ್ ಒಮ್ಮೆ ಪೂರ್ತಿ ಮರುಚಾಲನೆಯಾಗಬೇಕಿತ್ತು. "ಅಕ್ಕ, ಕಂಪ್ಯೂಟರ್ ಆಫ್ ಮಾಡ್ತೀರಲ್ಲ?" "ದಿನಾ ಸಂಜೆ ಮಾಡ್ತೀನಿ ಸಾರ್, ಕರೆಂಟಿನ ಬಿಲ್ ನಮ್ಮ ಮೇಲೇ ಬರತ್ತಲ್ಲ." ಅವರು ಹೇಳಿದ್ದು ನಿಜ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದೊಂದಿದೆ. ಶಟ್‌ಡೌನ್ ಒತ್ತಿದಾಗ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚುವುದಿಲ್ಲ, ಡಿಸ್ಕಿನಲ್ಲಿ ಮಲಗುತ್ತದೆ. ಬೆಳಿಗ್ಗೆ ಅದೇ ಎದ್ದು ಬರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ಒತ್ತಿ ಅಪ್ ಟೈಮ್ ಓದಿಸಿದೆ. ಹತ್ತೊಂಬತ್ತು ದಿನ ಅಂತಿತ್ತು. ರೀಸ್ಟಾರ್ಟ್ ಒತ್ತಿಸಿದೆ, ಐದು ನಿಮಿಷಕ್ಕೆ ಪೆನ್‌ಡ್ರೈವ್ ಬಂದ್. ಪೂರ್ತಿ ಎದ್ದು ಕೂರುವುದು ರೀಸ್ಟಾರ್ಟ್‌ನಲ್ಲಿ, ಶಟ್‌ಡೌನ್‌ನಲ್ಲಿ ಅಲ್ಲ ಎಂದು ಹೇಳಿದಾಗ ಅವರು, "ಹೆಸರು ಉಲ್ಟಾ ಇಟ್ಟಿದಾರಲ್ಲ ಸಾರ್" ಅಂದರು. ಹೌದು.

ಆದ್ದರಿಂದ ಕೊನೆಯ ಪರೀಕ್ಷೆ ಯಾವಾಗಲೂ ಕೈಯಿಂದ ಆಗಲಿ. ಪ್ರತಿ ಶಾಖೆಯಲ್ಲಿ ಒಬ್ಬರ ಬಳಿ ಒಂದು ಖಾಲಿ ಪೆನ್‌ಡ್ರೈವ್ ಚುಚ್ಚಿಸಿ ನೋಡಿ.

ಜಾರಿಯಾಗದಿರಲು ಇನ್ನೊಂದು ಕಾರಣ ಇಬ್ಬರು ಯಜಮಾನರು. ಒಂದೇ ಕಂಪ್ಯೂಟರ್‌ಗೆ ಗ್ರೂಪ್ ಪಾಲಿಸಿಯೂ ಇಂಟ್ಯೂನೂ ಬೇರೆ ಬೇರೆ ಹೇಳಿದರೆ ಗೆಲ್ಲುವುದು ಯಾರು ಎಂದು ಊಹಿಸಬೇಡಿ. ಗ್ರೂಪ್ ಪಾಲಿಸಿ ಏನು ಹೇಳಿದೆ ಎಂದು ಜಿಪಿ-ರಿಸಲ್ಟ್ ಕಮಾಂಡ್‌ನಿಂದ ಎಚ್‌ಟಿಎಂಎಲ್ ವರದಿ ತೆಗೆದು ನೋಡಿ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್ ಇರುವ ಕಡೆ ಟ್ಯಾಂಪರ್ ಪ್ರೊಟೆಕ್ಷನ್ ಚಾಲೂ ಇದ್ದರೆ, ಅದರ ಕಾವಲಿನಲ್ಲಿರುವ ಕಟ್ಟಳೆಗಳನ್ನು ಸ್ಥಳೀಯವಾಗಿ ಬದಲಿಸಲು ಹೋದರೆ ಸದ್ದಿಲ್ಲದೆ ತಳ್ಳಿಹಾಕುತ್ತದೆ. ಡಿಫೆಂಡರ್‌ನ ಸಂರಚನೆ ಬದಲಾದಾಗಲೆಲ್ಲ ಈವೆಂಟ್ ವ್ಯೂವರ್‌ನ ಆಪರೇಷನಲ್ ಲಾಗ್‌ನಲ್ಲಿ 5007 ಸಂಖ್ಯೆಯ ದಾಖಲೆ ಬೀಳುತ್ತದೆ. ನೀವು ಬದಲಿಸಿದ ಹೊತ್ತಿಗೆ 5007 ಇಲ್ಲವೆಂದರೆ ಆ ಕಂಪ್ಯೂಟರ್‌ನಲ್ಲಿ ಏನೂ ಬದಲಾಗಿಲ್ಲ.

ತುಮರಿ ಕಡೆಯ ಗೋದಾಮು

ನಾಲ್ಕನೆಯ ಹಳದಿ. ತೂಕದ ಕಾಟಾಕ್ಕೆ ಜೋಡಿಸಿದ ಹಳೇ ಕಂಪ್ಯೂಟರ್. ಅಡಿಕೆ ಮೂಟೆ ಇಟ್ಟರೆ ತೂಕದ ಚೀಟಿ ಮುದ್ರಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇಂಟರ್ನೆಟ್‌ಗೆ ಒಂದು ಡಾಂಗಲ್. ಕೊನೆಯ ಭೇಟಿ ಏಪ್ರಿಲ್. ಎರಡೂವರೆ ತಿಂಗಳಿಂದ ಅದು ಬಂದಿಲ್ಲ ಎಂಬುದು ಅವತ್ತೇ ನನ್ನ ಕಣ್ಣಿಗೆ ಬಿದ್ದದ್ದು. ಅಲ್ಲಿಯತನಕ ಕನ್ಸೋಲ್‌ನ ಮುಖಪುಟದ ಚಕ್ರದಲ್ಲಿ "ನಿರ್ವಹಣೆಯಲ್ಲಿದೆ" ಅಂತಿತ್ತು, ನನಗೂ ಅಷ್ಟೇ ಸಾಕಾಗಿತ್ತು. ಈಗ ಹತ್ತು ದಿನದಿಂದ ಬಾರದವುಗಳ ಪಟ್ಟಿ ಪ್ರತಿ ಸೋಮವಾರ ಇಮೇಲ್‌ಗೆ ಬರುವ ಹಾಗೆ ಮಾಡಿಟ್ಟಿದ್ದೇನೆ.

ಕನ್ಸೋಲ್‌ನಿಂದ ಎಬ್ಬಿಸುವ ಕರೆ ಕಳಿಸಿದೆ, ಉತ್ತರವಿಲ್ಲ. ಡಾಂಗಲ್ ಮೇಲೆ ಅನುಮಾನ ಬಂತು, ಅದು ಸಕಾರಣವೇ. ಎಬ್ಬಿಸುವ ಕರೆಗೆ ಸರ್ವರ್ ತಾನಾಗಿ ಕಂಪ್ಯೂಟರ್‌ನ ಬಾಗಿಲು ತಟ್ಟಬೇಕು, ಅಂಥ ನಂಬರ್ ಹಾಕಿದ ಬಾಗಿಲಿಗೇ ಪೋರ್ಟ್ ಅನ್ನುವುದು; ಟ್ರೆಲಿಕ್ಸ್‌ನಲ್ಲಿ ಮಾಮೂಲಿಯಾಗಿ 8081ನೇ ಪೋರ್ಟ್, ಕ್ಯಾಸ್ಪರ್‌ಸ್ಕಿಯಲ್ಲಿ ಯುಡಿಪಿ 15000. ಮೊಬೈಲ್ ಸಿಮ್‌ನ ಹಿಂದಿರುವ ಕಂಪ್ಯೂಟರ್‌ಗೆ ಹೊರಗಿನಿಂದ ಕಾಣುವ ಸ್ವಂತ ವಿಳಾಸವೇ ಇರುವುದಿಲ್ಲ, ನೂರಾರು ಜನ ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ. ತಟ್ಟುವುದು ಯಾರ ಬಾಗಿಲನ್ನು? ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಗಿ ಶಾಖೆಗಳೆಲ್ಲ ಸಿಮ್ ರೂಟರ್‌ಗೆ ಬಂದಾಗ ಇದೇ ಪಾಡು. ಎಬ್ಬಿಸುವ ಕರೆ ವಿಫಲವಾದರೆ ಏಜೆಂಟ್ ಕೆಟ್ಟಿದೆ ಎಂದಲ್ಲ. ಒಳಗಿನಿಂದ ಹೊರಗೆ ಬರುವ ದಾರಿ ತೆರೆದಿದ್ದರೆ ತನ್ನ ಸುತ್ತಿನ ಹೊತ್ತಿಗೆ ಅದೇ ಬರುತ್ತದೆ.

ಹಾಗಾಗಿ ಗುಮಾಸ್ತರಿಗೆ ಫೋನ್ ಮಾಡಿ, "ಅಣ್ಣಾ, ಡಾಂಗಲ್ ಹಾಕಿ ಎರಡು ಗಂಟೆ ತೆಗೀಬೇಡಿ" ಅಂದೆ. ಎರಡು ಗಂಟೆಯಾಯಿತು, ಬರಲಿಲ್ಲ. ಸರ್ವರ್ ಓಗೊಡುತ್ತದೆಯೇ ಎಂದು ನೋಡಲು ಫೋನಿನಲ್ಲೇ ಹೇಳಿ ಪಿಂಗ್ ಮಾಡಿಸಿದೆ, ಸರ್ವರ್ ಉತ್ತರಿಸಿತು. ಪಿಂಗ್ ಬಂದರೆ ಸಾಲದು, ಪೋರ್ಟ್ ತೆರೆದಿರಬೇಕು ಎಂದು ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡನ್ನು ಅಕ್ಷರ ಅಕ್ಷರವಾಗಿ ಓದಿಸಿ ಬರೆಸಿದೆ. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ, "ಟ್ರೂ ಅಂತ ಬಂತು ಮಾರಾಯ" ಅಂದರು. ಹೆಸರು ವಿಳಾಸಕ್ಕೆ ತಿರುಗುತ್ತಿದೆ, ಪೋರ್ಟ್ ತೆರೆದಿದೆ, ಏಜೆಂಟ್ ಸೇವೆ ಓಡುತ್ತಿದೆ. ಆದರೂ ಬರುತ್ತಿಲ್ಲ. ಆಗ ನಾನೂ ಆ ಹಳೇ ಚಟಕ್ಕೆ ಬಿದ್ದೆ: ರಿಮೋಟ್‌ನಲ್ಲಿ ಹೊಕ್ಕು ಏಜೆಂಟ್ ತೆಗೆದು ಮತ್ತೆ ಹಾಕಿದೆ. ಏನೂ ಆಗಲಿಲ್ಲ.

ಗೋದಾಮಿಗೆ ನಾನೇ ಹೊರಟೆ. ಹಿನ್ನೀರಿನ ಮೇಲಿನ ಸೇತುವೆ ಆಗ ಇನ್ನೂ ಆಗಿರಲಿಲ್ಲ. ಅದು ತೆರೆದದ್ದು 2025ರ ಜುಲೈ 14ರಂದು. ಸಾಗರದಿಂದ ಅಂಬಾರಗೋಡ್ಲಿಗೆ ಬೈಕಿನಲ್ಲಿ ಹೋಗಿ ಲಾಂಚ್ ಹತ್ತಿ ಕಳಸವಳ್ಳಿಯಲ್ಲಿ ಇಳಿದೆ. ಗೋದಾಮಿಗೆ ಹೋದಾಗ ಗುಮಾಸ್ತರು ಒಬ್ಬರಿಗೆ ತೂಕದ ಚೀಟಿ ಹರಿದು ಕೊಡುತ್ತಿದ್ದರು. ಕೊಡುವ ಮೊದಲು ಪೆನ್ನು ತೆಗೆದು ಅದರ ಮೇಲೇನೋ ಹೊಡೆದು ಹಾಕಿ ಬರೆದರು. "ಏನಣ್ಣ ಅದು?" "ತಾರೀಕು. ಇದ್ರಲ್ಲಿ ಸರಿ ಬರೂದಿಲ್ಲ, ದಿನಾ ತಿದ್ದೂದೇ ಆಗಿದೆ." ಚೀಟಿಯಲ್ಲಿ ಅಚ್ಚಾಗಿದ್ದದ್ದು 2014ರ ಜನವರಿ.

ಏಪ್ರಿಲ್‌ನಿಂದ ತಿದ್ದುತ್ತಿದ್ದರಂತೆ. ಮದರ್‌ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಸೆಲ್, ಸಿಆರ್2032, ಖಾಲಿಯಾಗಿತ್ತು. ಸಿಡಿಲಿನ ಭಯಕ್ಕೆ ಸಂಜೆ ಮೇನ್ ಸ್ವಿಚ್ಚೇ ತೆಗೆಯುವುದು ಅಲ್ಲಿಯ ರೂಢಿ, ಒಳ್ಳೆಯ ರೂಢಿ. ಬೆಳಿಗ್ಗೆ ಕಂಪ್ಯೂಟರ್ ಏಳುವುದು 2014ರಲ್ಲಿ. ಏಜೆಂಟ್ ಸರ್ವರ್ ಬಳಿ ಹೋಗುತ್ತದೆ, ಸರ್ವರ್ ತನ್ನ ಗುರುತಿನ ಪ್ರಮಾಣಪತ್ರ ತೋರಿಸುತ್ತದೆ. ಪತ್ರ ಶುರುವಾಗುವುದೇ 2022ರಿಂದ. 2014ರಲ್ಲಿ ಕೂತವರಿಗೆ ಅದು ಇನ್ನೂ ಹುಟ್ಟದ ಪತ್ರ. ನಂಬಿಕೆ ಬಾರದೆ ಏಜೆಂಟ್ ವಾಪಸ್. ಪೋರ್ಟ್ ತೆರೆದಿದ್ದರೂ ಮಾತು ನಡೆಯದಿದ್ದುದು ಇದಕ್ಕೇ. ಏಜೆಂಟ್‌ನ ಲಾಗ್ ಕಡತದಲ್ಲಿ "ಪ್ರಮಾಣಪತ್ರ ಇನ್ನೂ ಮಾನ್ಯವಲ್ಲ" ಎಂಬರ್ಥದ ಸಾಲು ನೂರಾರು ಸಲ ಇತ್ತು. ಅದನ್ನು ರಿಮೋಟ್‌ನಲ್ಲೇ ಓದಬಹುದಿತ್ತು. ಕಿತ್ತು ಹಾಕುವ ಅವಸರದಲ್ಲಿ ಓದಲಿಲ್ಲ.

ಇಂಟರ್ನೆಟ್ ಇದ್ದರೆ ವಿಂಡೋಸ್ ಗಡಿಯಾರವನ್ನು ತಾನೇ ಸರಿಮಾಡಿಕೊಳ್ಳಬೇಕಲ್ಲವೇ ಎಂದು ನೀವು ಕೇಳಬಹುದು. ಡೊಮೇನ್‌ಗೆ ಸೇರದ ಕಂಪ್ಯೂಟರ್‌ನಲ್ಲಿ ಅದಕ್ಕೊಂದು ಮಿತಿ ಇದೆ: ವ್ಯತ್ಯಾಸ 54,000 ಸೆಕೆಂಡಿಗಿಂತ, ಅಂದರೆ 15 ಗಂಟೆಗಿಂತ ಹೆಚ್ಚಿದ್ದರೆ ವಿಂಡೋಸ್ ಟೈಮ್ ಸೇವೆ ತಿದ್ದಲು ಒಪ್ಪುವುದಿಲ್ಲ. ಹತ್ತು ನಿಮಿಷ ತಪ್ಪಿದರೆ ತಿದ್ದುತ್ತದೆ, ಹತ್ತು ವರ್ಷ ತಪ್ಪಿದರೆ ಸುಮ್ಮನಿರುತ್ತದೆ. ಡೊಮೇನ್‌ನಲ್ಲಿರುವ ಕಂಪ್ಯೂಟರ್‌ಗಳದು ಬೇರೆ ಕಿರಿಕಿರಿ: ಅಲ್ಲಿ ಲಾಗಿನ್ ಗುರುತು ಪರೀಕ್ಷಿಸುವ ಕರ್ಬೆರೋಸ್ ವ್ಯವಸ್ಥೆ ಮಾಮೂಲಿಯಾಗಿ ಸಹಿಸುವ ಅಂತರ 5 ನಿಮಿಷ ಮಾತ್ರ.

ಗಡಿಯಾರ ಬರೀ ಪಾಲಿಸಿಯ ವಿಷಯವೂ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದಿದೆ. 2014ರ ತಾರೀಕು ಹೊತ್ತ ಲಾಗ್ 180 ದಿನ ಇಟ್ಟುಕೊಂಡು ಏನು ಮಾಡುವುದು?

ಸೆಲ್ ನನ್ನ ಚೀಲದಲ್ಲಿ ಇರಲಿಲ್ಲ. ತಾರೀಕು ಕೈಯಿಂದ ಸರಿಮಾಡಿದೆ, ಏಜೆಂಟ್ ಎಬ್ಬಿಸಿದೆ, ಎರಡೇ ನಿಮಿಷಕ್ಕೆ ಪಾಲಿಸಿ ಬಂತು. ಮರುದಿನ ಸಾಗರದ ವಾಚ್ ರಿಪೇರಿ ಅಂಗಡಿಯಲ್ಲಿ ಸೆಲ್ ಕೊಂಡು ಮತ್ತೆ ಲಾಂಚ್ ಹತ್ತಿದೆ. ಈಗ ಚೀಲದಲ್ಲಿ ಯಾವಾಗಲೂ ನಾಲ್ಕು ಇರುತ್ತವೆ.

ಫೋನಿನಲ್ಲಿ ದೋಷ ಹುಡುಕುವಾಗ ನನ್ನ ಮೊದಲ ಪ್ರಶ್ನೆ ಈಗ ಬದಲಾಗಿದೆ. ಪಿಂಗ್ ಅಲ್ಲ, ಪೋರ್ಟ್ ಅಲ್ಲ: "ಬಲಗಡೆ ಕೆಳಗೆ ಮೂಲೆಯಲ್ಲಿ ತಾರೀಕು ಎಷ್ಟು ತೋರಿಸ್ತಿದೆ, ವರ್ಷ ಸಮೇತ ಓದಿ."

ಬೇಗ ಎಂದರೆ ಎಲ್ಲರಿಗೂ ಒಟ್ಟಿಗೆ ಎಂದಲ್ಲ

ಇಷ್ಟೆಲ್ಲ ಆದಮೇಲೆ ಭೇಟಿಯ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿಬಿಡೋಣ ಅನ್ನಿಸಿತು. 46 ಕಂಪ್ಯೂಟರ್‌ಗೆ ಸರ್ವರ್ ಬೆವರುವುದಿಲ್ಲ. ಆದರೆ ಡಾಂಗಲ್‌ಗಳು ಬೆವರುತ್ತವೆ. ಹದಿನೈದಕ್ಕೆ ನಿಲ್ಲಿಸಿದೆ. ಸಾವಿರಾರು ಕಂಪ್ಯೂಟರ್ ಇರುವ ಕಡೆ ಹೀಗೆ ಇಳಿಸುವ ಮೊದಲು ಸರ್ವರ್‌ನ ತಾಕತ್ತು ನೋಡಿಕೊಳ್ಳಿ.

ಅದೇ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು; ಆ ಅಂದಾಜು ಮೈಕ್ರೋಸಾಫ್ಟ್ ಕೊಟ್ಟದ್ದು. ಪಾಲಿಸಿ ಬೇರೆ, ಆ ಅಪ್‌ಡೇಟ್ ಬೇರೆ, ಆದರೆ ಅವಸರದ ಗುಣ ಒಂದೇ. ಆವತ್ತಿನಿಂದ ಎಷ್ಟೇ ತುರ್ತು ಅಂದರೂ ಹೊಸ ಪಾಲಿಸಿ ಮೊದಲು ನನ್ನ ಮೇಜಿನ ಕಂಪ್ಯೂಟರ್‌ಗೆ, ಆಮೇಲೆ ಒಂದು ಶಾಖೆಗೆ, ಅಲ್ಲಿ ರೀಸ್ಟಾರ್ಟ್ ಮಾಡಿ ಪೆನ್‌ಡ್ರೈವ್ ಚುಚ್ಚಿ ನೋಡಿದ ಮೇಲೆ ಉಳಿದ ಕಡೆಗೆ. ಒಟ್ಟು ಒಂದೂವರೆ ಗಂಟೆ ಹೆಚ್ಚು ಹಿಡಿಯುತ್ತದೆ. ಕಾರ್ಯದರ್ಶಿಗಳು ಹೇಳುವ "ಸಂಜೆಯೊಳಗೆ" ಎಂಬ ಗಡುವಿಗೆ ಅದೇನೂ ಅಡ್ಡಿಯಲ್ಲ, ಬೆಳಿಗ್ಗೆ ಹೇಳಿದರೆ.

ಗೋದಾಮಿನ ಕಥೆ ಮಾತ್ರ ಸೆಲ್ ಹಾಕಿದ್ದಕ್ಕೆ ಮುಗಿಯಲಿಲ್ಲ. ಎರಡನೇ ಸಲ ಹೋಗಿ ಪಾಲಿಸಿ ಪಕ್ಕಾ ಜಾರಿಯಾಯಿತೆಂದು ನೋಡಲು ನನ್ನ ಪೆನ್‌ಡ್ರೈವ್ ಚುಚ್ಚಿದೆ. "ಈ ಸಾಧನವನ್ನು ತಡೆಯಲಾಗಿದೆ" ಎಂಬ ಕಿಟಕಿ ಬಂತು. ನಾನು ಖುಷಿಯಲ್ಲಿ ತಿರುಗಿ ನೋಡಿದರೆ ಗುಮಾಸ್ತರ ಮುಖ ಬಾಡಿತ್ತು. "ತಮ್ಮಾ, ಶನಿವಾರ ಶನಿವಾರ ತೂಕದ ಲೆಕ್ಕ ಸಾಗರಕ್ಕೆ ಒಯ್ಯೂದು ಈ ಪೆನ್‌ಡ್ರೈವಲ್ಲೇ ಅಲ್ದಾ?" ಡಾಂಗಲ್‌ನಲ್ಲಿ ಫೈಲ್ ಹೋಗುವುದಿಲ್ಲವೆಂದು ಎಷ್ಟೋ ಕಾಲದಿಂದ ಅದೇ ಪದ್ಧತಿಯಂತೆ, ಶಿವಮೊಗ್ಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಪೆನ್‌ಡ್ರೈವ್‌ನ ಸೀರಿಯಲ್ ನಂಬರನ್ನು ಡಿವೈಸ್ ಮ್ಯಾನೇಜರ್‌ನಿಂದ ಬರೆದುಕೊಂಡೆ. ಆ ಒಂದು ನಂಬರಿಗೆ, ಗೋದಾಮು ಮತ್ತು ಸಾಗರದ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ, ಚುಚ್ಚಿದ ಕೂಡಲೇ ಸ್ಕ್ಯಾನ್ ಆಗುವ ಕಟ್ಟಳೆಯೊಂದಿಗೆ ವಿನಾಯಿತಿ ಬರೆದೆ. ಆ ವಿನಾಯಿತಿ ಗೋದಾಮಿಗೆ ತಲುಪಲು ಹನ್ನೆರಡು ನಿಮಿಷ ಹಿಡಿಯಿತು. ಗಡಿಯಾರ ನೋಡುತ್ತಾ ಅಲ್ಲೇ ಕೂತಿದ್ದೆ, ಗುಮಾಸ್ತರು ಕಷಾಯ ಮಾಡಿ ತಂದರು.